ಕತ್ತೆಯ ಒದೆ ತಾಳಿದ ಸ್ಕೋಪು

ಏರ್ ರೈಫಲ್ ಕ್ರೀಡೆಯಲ್ಲಿ ಪದಕ ಗೆದ್ದವರು ಹಲವರಿದ್ದಾರೆ, ಗೆಲ್ಲಿಸಿದವರೂ ಕೆಲವರಿದ್ದಾರೆ; ಆದರೆ ಗುರಿ ತಪ್ಪಿದ ಶಿಷ್ಯರನ್ನು ಬೈಯುವ ಮುನ್ನ ರೈಫಲಿನ ಮೇಲೆ ಕೂರುವ ಪುಟ್ಟ ದೂರದರ್ಶಕದ, ಅಂದರೆ ಸ್ಕೋಪಿನ, ತಿರುಪು ಸಡಿಲವಾಗಿದೆಯೇ ಎಂದು ಮುಟ್ಟಿ ನೋಡುವ ಗುರುಗಳು ನಾನು ಕಂಡಂತೆ ಒಬ್ಬರೇ. ನಮ್ಮ ಕ್ಲಬ್ಬಿನ ಮುಖ್ಯ ತರಬೇತುದಾರರಾಗಿ ದಶಕಗಳ ಕಾಲ ದುಡಿದು ಇದೀಗ ನಿವೃತ್ತರಾಗುತ್ತಿರುವ ಅವರು ನಮಗೆಲ್ಲ ‘ಸಾವಧಾನ ಮೇಷ್ಟ್ರು’. ತಲೆಯ ಮೇಲೆ ಛಾವಣಿ ಬಿದ್ದರೂ ಮೊದಲು “ಸಾವಧಾನ” ಎಂದು ಹೇಳಿಯೇ ಪಕ್ಕಕ್ಕೆ ಸರಿಯುವ ಜೀವ ಅದು.

ಅವರು ಸೇವೆಗೆ ಸೇರಿದಾಗ ಕ್ಲಬ್ಬಿಗಿದ್ದ ಆಸ್ತಿಯೆಂದರೆ ತಗಡು ಹೊದಿಸಿದ ಉದ್ದನೆಯ ಕೊಠಡಿ, ಹಿಂದಿನ ಬಯಲಿನಲ್ಲಿ ಗುಂಡು ತಗುಲಿದೊಡನೆ ಮಗುಚಿಕೊಳ್ಳುವ ಕಬ್ಬಿಣದ ಹಕ್ಕಿಗಳು, ಮತ್ತು ‘ಕತ್ತೆ’. ಕತ್ತೆಯೆಂದರೆ ಒದೆಯುವುದರಲ್ಲಿ ಹೆಸರುವಾಸಿಯಾದ ಒಂದು ಹಳೆಯ ಸ್ಪ್ರಿಂಗ್ ರೈಫಲ್. ಯಾರೇ ಹೊಸ ಸ್ಕೋಪು ಕೊಳ್ಳಲಿ, ಮೇಷ್ಟ್ರು ಅದನ್ನು ಕತ್ತೆಯ ಬೆನ್ನಿಗೇರಿಸಿ, ಒಂದಿಡೀ ಡಬ್ಬಿ ಗುಂಡು ಹಾರಿಸಿ, ಗಾಜಿನೊಳಗಿನ ಗುರಿಗೆರೆ ಕದಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೊಂಡವರ ಕೈಗೆ ಕೊಡುತ್ತಿದ್ದರು. ಪಾಸಾಗುತ್ತಿದ್ದವು ಬಹುತೇಕ ಕಡಿಮೆ ಹಿಗ್ಗಿಸಿ ತೋರಿಸುವ, ನೋಡಲು ಏನೂ ಇಲ್ಲದ ಸ್ಕೋಪುಗಳೇ.

ನಾನು ಅವರ ಶಿಷ್ಯೆಯಾಗಿದ್ದಾಗ ಕ್ಲಬ್ಬಿನ ತಂಡಕ್ಕೆ ಆಯ್ಕೆ ನಡೆಯಿತು. ಆ ಸಲ ಆಯ್ಕೆಯಾಗದಿದ್ದರೆ ಮನೆಯವರು ಈ ಹುಚ್ಚು ಬಿಡಿಸುವುದು ಖಂಡಿತವಾಗಿತ್ತು. ನನ್ನ ಪರವಾಗಿದ್ದವರು ಸೋದರಮಾವ ಒಬ್ಬರೇ. ಆಯ್ಕೆಯ ಹಿಂದಿನ ದಿನ ಅವರು ಹೊಳೆಹೊಳೆಯುವ ಭಾರಿ ಸ್ಕೋಪೊಂದನ್ನು ಉಡುಗೊರೆಯಾಗಿ ಕ್ಲಬ್ಬಿಗೇ ತಂದರು. ಮೇಷ್ಟ್ರು ಅದನ್ನು ತಿರುಗಿಸಿ ನೋಡಿ, ನನ್ನ ಸ್ಪ್ರಿಂಗ್ ರೈಫಲಿನ ಮೇಲೆ ಅದು ತಾಳದೆಂದರು.

“ದೊಡ್ಡ ಬೇಟೆ ಬಂದೂಕಿನ ಮೇಲೆ ಕೂರೋದು ಸ್ವಾಮೀ ಇದು. ಈ ಆಟದ ಸಾಮಾನಿನ ಮೇಲೆ ಕೂರಲ್ವಾ?” ಎಂದರು ಮಾವ.

“ದೊಡ್ಡ ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತೆ. ಇದು ಹಿಂದಕ್ಕೆ ಒದ್ದು ತಕ್ಷಣ ಮುಂದಕ್ಕೂ ಜಗ್ಗುತ್ತೆ. ಎತ್ತು ಏರಿಗೆಳೀತು, ಕೋಣ ನೀರಿಗೆಳೀತು ಅನ್ನೋ ಹಾಗೆ. ಪಾಪ, ಒಳಗಿರೋ ಗಾಜು ಯಾರ ಮಾತು ಕೇಳಬೇಕು?”

“ಹಾಗಾದ್ರೆ ನಿಮ್ಮ ಕತ್ತೆ ಮೇಲೆ ಹಾಕಿ ನೋಡಿ!”

ಮೇಷ್ಟ್ರು ಹಾಕಲಿಲ್ಲ. “ಉಡುಗೊರೆ ಇದು. ಒಡೆದ್ರೆ ಬರೀ ಗಾಜು ಒಡೆಯಲ್ಲ,” ಎಂದು, ಅದನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಹಕ್ಕಿಗಳ ಕಡೆ ತಿರುಗಿಸಿ, ಗುಂಡು ಎಲ್ಲಿ ಬಿತ್ತೆಂದು ನೋಡಿ ಹೇಳುವ ಜವಾಬ್ದಾರಿಯನ್ನು ಮಾವನಿಗೇ ವಹಿಸಿದರು. ಮುಖ ಊದಿಸಿಕೊಂಡಿದ್ದ ಮಾವ ಅರ್ಧ ಗಂಟೆಯಲ್ಲಿ ಎಲ್ಲರಿಗೂ ಬುದ್ಧಿ ಹೇಳತೊಡಗಿದರು. ಅಂದಿನಿಂದ ಕಣ್ಮುಚ್ಚುವವರೆಗೂ ಅವರೇ ಕ್ಲಬ್ಬಿನ ಗುರಿವೀಕ್ಷಕರು.

ನನ್ನ ರೈಫಲ್ ಮೇಲೆ ಮಾತ್ರ ಯಾವ ಸ್ಕೋಪೂ ಇರಲಿಲ್ಲ. ಮರುದಿನ ಬೆಳಿಗ್ಗೆ ಮೇಷ್ಟ್ರು ತಮ್ಮ ರೈಫಲಿನಿಂದ, ಬಣ್ಣ ಸುಲಿದ ಪುಟ್ಟ ಸ್ಕೋಪನ್ನು ಬಿಚ್ಚಿ ನನ್ನದಕ್ಕೆ ಕೂರಿಸಿದರು. ಅದೇ ಆಯ್ಕೆಗೆ ಅವರೂ ನಿಂತಿದ್ದರು.

“ಮತ್ತೆ ನೀವು, ಮೇಷ್ಟ್ರೇ?”

“ನನಗಿನ್ನೂ ಬೇಕಾದಷ್ಟು ಪಂದ್ಯ ಇದೆ ಕಣಮ್ಮ. ಸಾವಧಾನ.”

ಅವರು ಸ್ಕೋಪಿಲ್ಲದೆ, ನಳಿಕೆಯ ಮೇಲಿನ ಕಬ್ಬಿಣದ ಗುರಿಕಚ್ಚಿನಲ್ಲೇ ಗುರಿಯಿಟ್ಟರು. ನಾನು ತಂಡ ಸೇರಿದೆ, ಅವರು ಸೇರಲಿಲ್ಲ. ವಯಸ್ಸಿನ ಮಿತಿಯಿಂದಾಗಿ ಅದು ಅವರ ಕಟ್ಟಕಡೆಯ ಅವಕಾಶವಾಗಿತ್ತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಅವರ ಮನೆಯವರ ಬಾಯಿಂದ. ಅದು ತಿಳಿದ ದಿನ ಅತ್ತದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಮುಂದೆ ನಾನು ಅವರ ಸಹೋದ್ಯೋಗಿಯಾದೆ. ಸ್ಕೋಪನ್ನು ಹಿಂದಿರುಗಿಸಲು ಹೋದಾಗಲೆಲ್ಲ “ಕಣ್ಣು ಮಂಜಾಗಿದೆ, ನನಗ್ಯಾಕೆ?” ಎಂದು ಸಾಗಹಾಕುತ್ತಿದ್ದರು. ಕಳೆದ ತಿಂಗಳು ಆ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಯಿತು. ಹೊಸ ಮಸೂರ ಕೂರಿಸಿದ ವೈದ್ಯರನ್ನು ಮೇಷ್ಟ್ರು ಕೇಳಿದ ಮೊದಲ ಪ್ರಶ್ನೆ: “ಡಾಕ್ಟ್ರೇ, ಇದು ಎರಡೂ ಕಡೆ ಒದೆ ತಡೆಯುತ್ತಾ?”

ವೈದ್ಯರು ನಕ್ಕು, ತಡೆಯುತ್ತದೆ, ಒಂದಿಷ್ಟು ವಾರ ಸುಮ್ಮನಿರಿ ಎಂದಿದ್ದಾರೆ. ನಾವು ಸುಮ್ಮನಿಲ್ಲ. ಈ ವರ್ಷ ಪಂದ್ಯಗಳಲ್ಲಿ ಹೊಸದಾಗಿ ತೆರೆದಿರುವ ಹಿರಿಯರ ವಿಭಾಗಕ್ಕೆ ಅವರನ್ನು ಕೇಳದೆಯೇ ಅವರ ಹೆಸರು ಕೊಟ್ಟಿದ್ದೇವೆ. ಗುರುಗಳು ನೂರು ವರ್ಷ ಬಾಳಲಿ, ಅಷ್ಟೂ ವರ್ಷ ನಮ್ಮ ತಿರುಪುಗಳನ್ನು ಮುಟ್ಟಿ ನೋಡುತ್ತಿರಲಿ. ನಿನ್ನೆ ಆ ಬಣ್ಣ ಸುಲಿದ ಸ್ಕೋಪನ್ನು ಅವರ ರೈಫಲಿಗೆ ಮರಳಿ ಕೂರಿಸುವ ಮುನ್ನ ಪದ್ಧತಿಯಂತೆ ಕತ್ತೆಯ ಬೆನ್ನಿಗೇರಿಸಿ ಒಂದು ಡಬ್ಬಿ ಗುಂಡು ಹಾರಿಸಿದೆ. ಗೆರೆ ಕದಲಲಿಲ್ಲ, ಮೇಷ್ಟ್ರೇ. ಬನ್ನಿ.