ಬೀಗರ ಪೆನ್ ಡ್ರೈವ್

ಮನೆಯ ಹಳೆಯ ಕಂಪ್ಯೂಟರ್ ವೈರಸ್ ಹತ್ತಿ ಕೆಟ್ಟು ನಿಂತ ಮೇಲೆ, ಹೊಸದನ್ನು ಆರಿಸಲು ಕಮಲಾಪುರದಿಂದ ಕಲಬುರಗಿಗೆ ಬಸ್ ಹತ್ತಿದೆ. ಅಂಗಡಿಯವನು ಪರದೆಯ ಬಣ್ಣ ಹೊಗಳಿದ್ದೇ ಹೊಗಳಿದ್ದು. ಬಣ್ಣ ಕಟ್ಟಿಕೊಂಡು ನನಗೇನಾಗಬೇಕು?

"ವೈರಸ್ ಒಳಗ ಬರಬಾರದು, ಅಷ್ಟ ನೋಡ್ರಿ" ಎಂದೆ.

ಮಗಳಿಗೆ ಗಂಡು ಹುಡುಕುವಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ. ಎಲ್ಲಕ್ಕಿಂತ ಗಟ್ಟಿಯಾದ ಆಂಟಿವೈರಸ್ ಹಾಕಿಸಿಯೇ ಮನೆಗೆ ತಂದೆ.

ಅದನ್ನು ನೋಡಲು ಮೊದಲು ಬಂದವರು ಮಗಳ ಮಾವ, ನಮ್ಮ ಬೀಗರು. ಕುಳಿತವರೇ ಜೇಬಿನಿಂದ ಮದುವೆಯ ವಿಡಿಯೊ ಇದ್ದ ಪೆನ್ ಡ್ರೈವ್ ತೆಗೆದರು. ನೆಂಟರ ಮನೆಯ ಕಂಪ್ಯೂಟರುಗಳನ್ನೆಲ್ಲ ಹೊಕ್ಕು ಬಂದದ್ದು ಅದು.

"ಮೊದಲ ಸ್ಕ್ಯಾನ್ ಮಾಡ್ತೀನ್ರಿ" ಎಂದೆ.

ಬೀಗರ ಮುಖ ಗಂಟಾಯಿತು. "ನಮ್ಮ ಮನಿ ಸಾಮಾನಕ್ಕ ತಪಾಸಣಿ ಏನ್ರೀ?"

ನಾನು ಸ್ಕ್ಯಾನಿನ ಮಾತು ಬಿಟ್ಟು ಪೆನ್ ಡ್ರೈವ್ ಚುಚ್ಚಿದೆ. ಪರದೆ ಕೆಂಪಾಗಿ, ಆಂಟಿವೈರಸ್ ಕೂಗತೊಡಗಿತು. ಚಹಾ ತಂದ ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು: "ಬೀಗರ ಮುಂದ ಒದರ್ಲಾಕತ್ತದ, ಅದನ್ನ ಬಂದ್ ಮಾಡ್ರಿ!"

ಆಂಟಿವೈರಸ್ ಬಂದ್ ಮಾಡಿದೆ. ಬೀಗರು ಮದುವೆಯನ್ನು ಪೂರ್ತಿ ನೋಡಿ, ಹೊರಡುವಾಗ ಕಂಪ್ಯೂಟರ್ ಮೇಲೆ ಕೈಯಾಡಿಸಿ ಮೆಚ್ಚಿಕೊಂಡರು: "ಛಲೋ ಅದರೀ, ಏನೂ ತಕರಾರು ಮಾಡಂಗಿಲ್ಲ."