ನಾಲ್ಕು ಸೆಕೆಂಡಿನ ಮುಂಜಾವು

ನನ್ನ ಲ್ಯಾಪ್‌ಟಾಪಿನಲ್ಲಿ ಎಂಟು ಅಂಕಿಯ ಗುಂಡಿಯ ಸಂದಿಯಲ್ಲಿ ಒಂದು ಚಿಟಿಕೆ ಕಿತ್ತಳೆ ರಂಗೋಲಿ ಪುಡಿ ಸಿಕ್ಕಿಕೊಂಡಿದೆ. ಮೊನ್ನೆ ಗೆಜ್ಜಲಗೆರೆಯ ಆಫೀಸಿನಲ್ಲಿ ಅದನ್ನು ತೆಗೆಯಲು ಬ್ರಷ್ ಹಿಡಿದವಳು ಹಾಗೆಯೇ ಕೆಳಗಿಟ್ಟುಬಿಟ್ಟೆ.

ಹಾಲು ಪರೀಕ್ಷಿಸುವ ಯಂತ್ರಗಳ ಪುಟ್ಟ ಪರದೆಯನ್ನು ಬೆಳಗಿಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಬರೆಯುವುದು ನನ್ನ ಕೆಲಸ. ಫೋನು ಆನ್ ಮಾಡಿದಾಗ ಮೊದಲು ಒಂದು ಚಿತ್ರ ಬಂದುಹೋಗುವುದನ್ನು ನೀವೂ ನೋಡಿರುತ್ತೀರಿ. ಯಂತ್ರಕ್ಕೂ ಹಾಗೆಯೇ, ನಾಲ್ಕು ಸೆಕೆಂಡು. ಎರಡು ವರ್ಷದ ಹಿಂದೆ ಬೆಳಕವಾಡಿಯ ಮಹಿಳಾ ಡೇರಿಯವರು ಆ ಚಿತ್ರದ ಜಾಗಕ್ಕೆ ಸಣ್ಣಮ್ಮ ಎಂಬ ಹೆಸರಿನ ನನ್ನ ದೊಡ್ಡಮ್ಮನ ರಂಗೋಲಿಯೇ ಬೇಕೆಂದರು: ಕಂದು ಹಸು, ಹಿಂದೆ ಬೆಳಗಾಗುತ್ತಿರುವ ಆಕಾಶ. ದೊಡ್ಡಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅದರ ಫೋಟೊ ಹಾಕಿ ತಂದ ದಿನ ಬೆಳಿಗ್ಗೆ, ಡೇರಿಯಲ್ಲಿ ಎಲ್ಲರೆದುರು ಯಂತ್ರ ಆನ್ ಮಾಡಿದೆ. ಹಸುವೇನೋ ಬಂತು. ಆಕಾಶ ಮಾತ್ರ ಅಡ್ಡಡ್ಡ ಪಟ್ಟೆಪಟ್ಟೆಯಾಗಿತ್ತು.

"ಏನ್ ಸಣ್ಣಕ್ಕ, ನಿನ್ನ ಹಸ ಮೆಟ್ಲತ್ಕೊಂಡು ಎಲ್ಗೋಯ್ತಾದೆ?" ಎಂದಳು ಕಾರ್ಯದರ್ಶಿ ನಾಗಮ್ಮ. ಎಲ್ಲರೂ ನಕ್ಕರು. "ಚಿತ್ರ ಬ್ಯಾಡ ಬುಡಿ, ಬರೀ ಡೇರಿ ಎಸ್ರು ಬರ್ಲಿ. ಸಾಯಂಕಾಲ ಹಾಲ್ ಹಾಕೋರೂ ನಗ್ತಾರೆ."

ದೊಡ್ಡಮ್ಮ, ಕೊಳೆಯಿರಬಹುದೆಂದು, ಸೆರಗಿನಿಂದ ಪರದೆ ಒರೆಸಿದಳು.

ತಪ್ಪು ನನ್ನದು. ಒಂದೊಂದು ಚುಕ್ಕಿಯ ಬಣ್ಣಕ್ಕೆ ನನ್ನ ಲ್ಯಾಪ್‌ಟಾಪಿನಲ್ಲಿ ಇಪ್ಪತ್ತನಾಲ್ಕು ಬಿಟ್ ಜಾಗ. ಆ ಪರದೆಯಲ್ಲಿ ಹದಿನಾರೇ. ಉಳಿದದ್ದನ್ನು ನನ್ನ ಡ್ರೈವರ್ ಕತ್ತರಿಸಿ ಎಸೆದಿತ್ತು; ಹತ್ತಿರಹತ್ತಿರದ ಬಣ್ಣಗಳೆಲ್ಲ ಒಂದೇ ಆಗಿ ಪಟ್ಟೆ ಮೂಡಿತ್ತು. ನಾನೋ ಚಿತ್ರವನ್ನು ಲ್ಯಾಪ್‌ಟಾಪಿನಲ್ಲೇ ನೋಡಿ, ಚೆನ್ನಾಗಿದೆ ಎಂದು ತಂದಿದ್ದೆ. ನನ್ನ ಅಂಕಪಟ್ಟಿ ನೋಡಿದವರು ಇದನ್ನು ನಂಬುವುದಿಲ್ಲ.

ಮಧ್ಯಾಹ್ನ ಅವಳ ಜಗುಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಕುಳಿತು ಪರಿಹಾರಕ್ಕೆ ತಡಕಾಡುತ್ತಿದ್ದೆ. "ದೊಡ್ಡಮ್ಮ, ಆ ಪರದೆಗೆ ಅಷ್ಟೊಂದು ಬಣ್ಣ ಬರಲ್ಲ" ಎಂದೆ.

"ನನ್ ತಾವೆಷ್ಟದೆ ಅಂದ್ಕಂಡೆ? ಐದೇ ಡಬ್ಬಿ ಕಣವ್ವ!"

ಒಳಗಿನಿಂದ ಡಬ್ಬಿಗಳನ್ನು ತಂದು, ಕಿತ್ತಳೆ ಮತ್ತು ಹಳದಿಯನ್ನು ಪಕ್ಕಪಕ್ಕದಲ್ಲಿ ಹರಡಿದಳು. "ಗೆರೆ ಕುಯ್ದಂಗೆ ನಿಲ್ಲಿಸ್ಬ್ಯಾಡ. ಇದ್ರೊಳಿಕ್ಕೆ ಅದ್ನ ವಸಿ, ಅದ್ರೊಳಿಕ್ಕೆ ಇದ್ನ ವಸಿ ಉದುರ್ಸು. ದೂರ್ದಿಂದ ಕಣ್ಣೇ ಸೇರ್ಸ್ಕತದೆ." ಉದುರಿಸುವ ಉತ್ಸಾಹದಲ್ಲಿ ಒಂದಿಷ್ಟು ಪುಡಿ ಲ್ಯಾಪ್‌ಟಾಪಿಗೂ ಬಿತ್ತು.

ಈ ವಿಧಾನಕ್ಕೆ ಪುಸ್ತಕದಲ್ಲಿ ದೊಡ್ಡ ಹೆಸರಿದೆ. ಪರೀಕ್ಷೆಯಲ್ಲಿ ಅದರ ಮೇಲೆ ಒಂದೂವರೆ ಪುಟ ಬರೆದಿದ್ದೆ. ಬೇಕಾದ ದಿನ ನೆನಪಾಗಲಿಲ್ಲ, ಅಷ್ಟೆ.

ಸಂಜೆಯ ಹಾಲು ಬರುವ ಹೊತ್ತಿಗೆ ಡ್ರೈವರ್ ಬಣ್ಣಗಳನ್ನು ಕತ್ತರಿಸದೆ ಉದುರಿಸತೊಡಗಿತ್ತು. ಪರದೆಯಲ್ಲಿ ಕಿತ್ತಳೆ ನಿಧಾನವಾಗಿ ಹಳದಿಗೆ ಕರಗಿತು. ದೊಡ್ಡಮ್ಮ ಮೂರು ಸಲ ಆಫ್ ಮಾಡಿಸಿ, ಆನ್ ಮಾಡಿಸಿ ನೋಡಿದಳು. ಹಾಲಿನ ಕ್ಯಾನು ಹಿಡಿದವರು ಕಾಯುತ್ತಲೇ ಇದ್ದರು. "ಓದಿದ್ ಹೆಣ್ಣು ಅಂದ್ರೆ ಇಂಗಿರ್ಬೇಕು" ಎಂದು ನಾಗಮ್ಮ ನನ್ನ ಬೆನ್ನು ತಟ್ಟಿದಳು. ನಾನು ಮಾತು ಕಡಿಮೆಯವಳು. ಉಪಾಯ ಯಾರದೆಂದು ಹೇಳದಿರಲು ಆ ದಿನ ಅದು ನನಗೆ ಬಹಳ ಅನುಕೂಲವಾಯಿತು.

ಮೊನ್ನೆ ಬ್ರಷ್ ಕೆಳಗಿಟ್ಟಾಗ ಇದೇ ಚುಚ್ಚುತ್ತಿತ್ತು. ಈಗ ಹಲವು ಊರಿನ ಯಂತ್ರಗಳಲ್ಲಿ ಬಣ್ಣ ಉದುರಿಸುವ ಆ ಪ್ರೋಗ್ರಾಂ ಸಾಲುಗಳಿವೆ, ಮೇಲೆ ನನ್ನೊಬ್ಬಳದೇ ಹೆಸರು.

ಮರುದಿನ ಬೆಳಿಗ್ಗೆ ಬೇರೆಯವರು ಬರುವ ಮೊದಲೇ ಆಫೀಸಿಗೆ ಹೋಗಿ, ಆ ಸಾಲುಗಳ ಮೇಲೆ ಒಂದು ಟಿಪ್ಪಣಿ ಸೇರಿಸಿದೆ: "ಈ ಕ್ರಮ ಬೆಳಕವಾಡಿಯ ಸಣ್ಣಮ್ಮನವರದು." ಯಂತ್ರ ಅದನ್ನು ಓದುವುದಿಲ್ಲ, ಮುಂದೆ ಈ ಕೆಲಸಕ್ಕೆ ಬರುವವರು ಓದುತ್ತಾರೆ. ಆಮೇಲೆ ದೊಡ್ಡಮ್ಮನಿಗೆ ಫೋನು ಮಾಡಿ ಹೇಳಿದೆ.

ಅವಳು ಕೇಳಿದಳು: "ನನ್ನೆಸ್ರಾ? ಯಾವ್ ಬಣ್ಣದಲ್ ಬರ್ದ್ಯವ್ವ?"

ಲ್ಯಾಪ್‌ಟಾಪಿನ ಪರದೆ ನೋಡಿದೆ; ಟಿಪ್ಪಣಿಗಳನ್ನು ಅದು ಬೇರೆಯೇ ಬಣ್ಣದಲ್ಲಿ ತೋರಿಸುತ್ತದೆ. "ಹಸಿರು, ದೊಡ್ಡಮ್ಮ."