ದೇವಸಮುದ್ರದಲ್ಲಿ ಬಿಚ್ಚದೆ ಉಳಿದ ಜಡೆ

ದೇವಸಮುದ್ರದ ಬಸ್ ನಿಲ್ದಾಣದ ಪಕ್ಕದಲ್ಲಿ ಕಂಡದ್ದನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ಹಿರಿಯರಾದ ತಿಪ್ಪಮ್ಮನವರು ಹೊಸದಾಗಿ ಸೇರಿದ ಹೆಂಗಸರಿಗೆ ಜಡೆಕೋಲಾಟ ಕಲಿಸುತ್ತಿದ್ದರು. ಹೆಂಗಸರು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಗ್ಗದ ತುದಿ ಹಿಡಿದು ಸುತ್ತಿ ಕುಣಿದಂತೆ, ಕಂಬದಿಂದ ಇಳಿಬಿಟ್ಟ ಹಗ್ಗಗಳು ಜಡೆಯಾಗಿ ಹೆಣೆದುಕೊಂಡವು. ಅದನ್ನು ಕುಣಿಯುತ್ತಲೇ ಬಿಚ್ಚುವ ವರಸೆಯನ್ನು ಊರಿನಲ್ಲಿ ಈಗ ಬಲ್ಲವರು ತಿಪ್ಪಮ್ಮನವರೊಬ್ಬರೇ ಎಂದು ತಿಳಿದುಬಂತು.

“ಜಡೆಗೆ ಕೈ ಹಾಕಬ್ಯಾಡ್ರೇ, ಬಂದ ಹೆಜ್ಜೇಲೇ ಹಿಂದಕ್ಕೆ ಹೋಗ್ರಿ,” ಎಂದು ಅವರು ತಾಳ ಎತ್ತಿದರು.

ಆಗ, ಕೋಲಾಟವನ್ನು ತಮ್ಮ ಸಮಾರಂಭಕ್ಕೆ ಕರೆಯಲು ಬಂದಿದ್ದ ಸಂಘಟಕರು ತಡೆದರು. “ಬಿಚ್ಚಬ್ಯಾಡ್ರಿ ಅಜ್ಜಿ, ಚೆನ್ನಾಗೈತೆ. ಹಿಂಗೇ ಸ್ಟೇಜ್ ಮೇಲೆ ನಿಲ್ಲಿಸ್ತೀವಿ. ನೀವು ಸುತ್ತ ನಿಂತು ಕೋಲು ಬಡೀರಿ, ಸಾಕು.”

“ಬಿಚ್ಚೋದು ಕಲೀದೆ ಇವ್ರು ಮುಂದಿನ ಸಲ ಏನ್ ಕುಣೀತಾರಪ್ಪಾ?” ಎಂದರು ತಿಪ್ಪಮ್ಮ.

ಸಂಘಟಕರು ಟೆಂಪೊ ಕರೆಸಿದರು. ಜಡೆಯ ತುದಿಗೆ ಗಂಟು ಹಾಕಿ, ಉಳಿದ ಹಗ್ಗ ಕತ್ತರಿಸಿ, ಕಂಬವನ್ನು ಟೆಂಪೊಗೆ ಏರಿಸಲಾಯಿತು. ಹೆಂಗಸರು ಮಾತ್ರ ತುಂಡು ಹಗ್ಗ ಹಿಡಿದು, ಹಿಮ್ಮೆಟ್ಟುವ ಹೆಜ್ಜೆಯ ತಾಳಕ್ಕಾಗಿ ಕಾಯುತ್ತ ನಿಂತೇ ಇದ್ದರು.